ಹತ್ತು ವಾರದ ಸೊಪ್ಪು

ಗಂಗಾನಗರ, ಬೆಂಗಳೂರು
ರವಿವಾರ, ೨೮ ಸೆಪ್ಟೆಂಬರ್ ೧೯೮೦

ಪೂಜ್ಯ ಅತ್ತೆಯವರಾದ ಈರವ್ವನವರಿಗೆ, ನಿಮ್ಮ ಸೊಸೆ ಕಾಶವ್ವ ಪಾದ ಮುಟ್ಟಿ ಮಾಡುವ ನಮಸ್ಕಾರ.

ನಾನು ಕ್ಷೇಮ ಎಂದು ಈ ಸಲ ಮೊದಲ ಸಾಲಿನಲ್ಲಿ ಬರೆಯುವುದಿಲ್ಲ. ಜನವರಿಯಲ್ಲಿ ನರ್ಸ್ ತರಬೇತಿಗೆಂದು ಬೆಂಗಳೂರಿಗೆ ಬಂದಾಗಿನಿಂದ ಪ್ರತಿ ಪತ್ರದಲ್ಲೂ ಅದನ್ನು ಬರೆದಿದ್ದೇನೆ, ಅರ್ಧಕ್ಕರ್ಧ ಸುಳ್ಳೇ ಬರೆದಿದ್ದೇನೆ. ಈಗ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಓದಿ ಆದ ಮೇಲೆ ನೀವು ಎಷ್ಟು ಬೇಕಾದರೂ ಬಯ್ಯಿರಿ.

ನೀಲಾ, ಇದನ್ನು ಅಜ್ಜಿಗೆ ಓದಿ ಹೇಳುವವಳು ನೀನೇ ಎಂದು ನನಗೆ ಗೊತ್ತು. ಇಷ್ಟು ದಿನ ನಿಜ ಬರೆಯದಿದ್ದದ್ದಕ್ಕೆ ಅದೂ ಒಂದು ಕಾರಣ. ಹನ್ನೊಂದು ವರ್ಷದ ಹುಡುಗಿಯ ಬಾಯಿಂದ ಅವಳ ಅವ್ವನ ಕಾಯಿಲೆ ಓದಿಸುವುದು ಹೇಗೆ ಅಂತ. ಆದರೆ ನೀನು ಗಟ್ಟಿ ಹುಡುಗಿ. ನಡುವೆ ಅಳಬೇಡ, ಒಂದು ಸಾಲೂ ಹಾರಿಸಬೇಡ. ಚನ್ನಪ್ಪ ಕಾಕಾ ಮನೆಯಲ್ಲಿದ್ದರೆ ಅವನನ್ನೂ ಕರೆದು ಕೂಡಿಸು, ಅವನೂ ಕೇಳಬೇಕು.

ಅತ್ತೀ, ನೀವು ನೀಲಾಳ ಕೈಯಿಂದ ಬರೆಸಿದ ಪತ್ರ ಹದಿನೈದು ದಿನದ ಹಿಂದೆ ಬಂತು. ‘ಮುರಿಗೆಪ್ಪ ಬಂದು ಹೇಳ್ಯಾನ, ನೀ ಎಲುಬಿನ ಹಂದರ ಆಗೀಯಂತ. ಅಮಾಸಿ ಮುಗದ ಮ್ಯಾಲ ಚನ್ನಪ್ಪನ್ನ ಕಳಸ್ತೀನಿ. ಗಂಟು ಕಟಗೊಂಡು ಬಂದ್ಬಿಡು. ಇದ್ದದ್ರಾಗ ಎಲ್ಲಾರೂ ಕೂಡಿ ತಿಂದ್ರಾತು’ ಎಂದು ಬರೆಸಿದ್ದೀರಿ. ಓದಿ ಮೊದಲು ಕಣ್ಣಲ್ಲಿ ನೀರು ಬಂತು, ಆಮೇಲೆ ಮುರಿಗೆಪ್ಪನ ಮೇಲೆ ಸಿಟ್ಟು ಬಂತು. ಯಶವಂತಪುರದ ಕಾರ್ಖಾನೆಯಲ್ಲಿ ದುಡಿಯುವ ಮನುಷ್ಯ, ತಿಂಗಳಿಗೊಮ್ಮೆ ನೀವು ಕೊಟ್ಟ ರೊಟ್ಟಿ ಗಂಟು ತಂದುಕೊಡುವ ಪುಣ್ಯಾತ್ಮ, ಗಂಟಿನ ಜೊತೆ ಇಲ್ಲಿಯ ಸುದ್ದಿಯನ್ನೂ ಹೊತ್ತುಕೊಂಡು ಹೋಗಬೇಕಿತ್ತೇ? ಆದರೆ ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಆಗಲೇ ಉತ್ತರ ಬರೆಯಬಹುದಿತ್ತು. ಬರೆಯಲಿಲ್ಲ, ಯಾಕೆಂದರೆ ನಿನ್ನೆಯ ತನಕ ನನ್ನ ಹಣೆಬರಹ ನನಗೇ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ಅದನ್ನು ಹೇಳುವ ಮೊದಲು ಹಿಂದಿನದ್ದು ಹೇಳುತ್ತೇನೆ.

ಜುಲೈ ತಿಂಗಳ ಎರಡನೇ ವಾರ. ವಾರ್ಡಿನಲ್ಲಿ ಡ್ರೆಸಿಂಗ್ ಸಾಮಾನಿನ ಟ್ರೇ ಹಿಡಿದು ನಿಂತಿದ್ದೆ. ಕಿವಿಯಲ್ಲಿ ಗುಂಯ್ ಅಂದದ್ದು ನೆನಪಿದೆ. ಕಣ್ಣು ಬಿಟ್ಟಾಗ ನಾನೇ ರೋಗಿಯ ಮಂಚದ ಮೇಲೆ ಮಲಗಿದ್ದೆ, ಆ ಮಂಚದ ರೋಗಿ ಮುದುಕಿ ಪಕ್ಕದಲ್ಲಿ ನಿಂತು ನನಗೆ ಗಾಳಿ ಹಾಕುತ್ತಿದ್ದಳು. ಎಂಥ ನಾಚಿಕೆ ಅಂತೀರಿ! ರಕ್ತ ತೆಗೆದು ನೋಡಿದರು. ಹಿಮೋಗ್ಲೋಬಿನ್, ಅಂದರೆ ರಕ್ತದ ಕೆಂಪು ಅಂಶ, ಹೆಂಗಸಿಗೆ ಹನ್ನೆರಡು ಇರಬೇಕಾದದ್ದು ನನಗೆ ಏಳು ಇತ್ತು. ರಕ್ತ ಅಲ್ಲ, ಕೆಂಪು ನೀರು ಅಂದರು ಡಾಕ್ಟರಮ್ಮ. ದಿನಾ ಏನು ತಿನ್ನುತ್ತೀ ಎಂದು ಕೇಳಿದರು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಅಂದೆ. ಪಲ್ಯ ಯಾವಾಗ ತಿಂದದ್ದು ಅಂದರು. ಮನಸ್ಸಿನಲ್ಲೇ ಹಿಂದಕ್ಕೆ ಹೋದೆ, ಹೋದೆ, ಹೋಗಿ ಊರಿನ ಸಂಕ್ರಾಂತಿ ಮುಟ್ಟಿದೆ. ನೀವು ಮಾಡಿದ್ದ ಬದನೆಕಾಯಿ ಎಣ್ಣೆಗಾಯಿ. ಅದಾದ ಮೇಲೆ ಒಂದು ಎಲೆ ಹಸಿರು ನನ್ನ ಬಾಯಿಗೆ ಹೋಗಿರಲಿಲ್ಲ.

ತಪ್ಪು ನಿಮ್ಮ ರೊಟ್ಟಿಯದ್ದಲ್ಲ. ನಿಮ್ಮ ಗಂಟು ಇಲ್ಲದಿದ್ದರೆ ನಾನು ಮಾರ್ಚಿನಲ್ಲೇ ಬಿದ್ದಿರುತ್ತಿದ್ದೆ. ತಪ್ಪು ನನ್ನ ಜಿಪುಣತನದ್ದು. ಹಾಸ್ಟೆಲಿನಲ್ಲಿ ಮದುವೆಯಾಗದ ಹುಡುಗಿಯರಿಗೆ ಮಾತ್ರ ಜಾಗ ಅಂದರು, ಹೊರಗೆ ಬಾಡಿಗೆ ಕೋಣೆ ಹಿಡಿದೆ. ಕೈಗೆ ಬರುವ ಸ್ಟೈಪೆಂಡಿನಲ್ಲಿ ಬಾಡಿಗೆ, ಬಸ್ಸು ಕಳೆದು ಉಳಿಯುವುದು ಅಷ್ಟರಲ್ಲೇ ಇದೆ. ಕಾಯಿಪಲ್ಯ ಬಿಟ್ಟರೆ ನೀಲಾಳನ್ನು ಬೇಗ ಕರೆಸಿಕೊಳ್ಳಬಹುದು ಎಂದುಕೊಂಡೆ. ಹಸಿವಾದರೆ ಚಹಾ, ಮತ್ತೆ ಹಸಿವಾದರೆ ಮತ್ತೆ ಚಹಾ. ಪುಸ್ತಕದಲ್ಲಿ ಸೊಪ್ಪು, ತರಕಾರಿ, ಕಬ್ಬಿಣದಂಶ ಎಂದು ಬಾಯಿಪಾಠ ಮಾಡಿ, ಅದನ್ನೇ ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಮಾರ್ಕು ತೆಗೆದುಕೊಂಡು, ಕೋಣೆಗೆ ಬಂದು ಒಣ ರೊಟ್ಟಿ ಕಡಿಯುವ ನನ್ನಂಥ ಪೆದ್ದಿ ಇನ್ನೊಬ್ಬಳಿದ್ದಾಳೆಯೇ?

ನಮಗೆ ಪಾಠ ಹೇಳುವವರು ಮರಿಯಮ್ಮ ಸಿಸ್ಟರ್. ಅವರು ಆ ದಿನ ನನ್ನನ್ನು ತಮ್ಮ ಮೇಜಿನ ಮುಂದೆ ಕೂಡಿಸಿ, ‘ಪೇಷಂಟ್ ಹಿಡ್ಕೊಳ್ಳೋ ಕೈಯೇ ನಡುಗಿದ್ರೆ ನಿನ್ನ ವಾರ್ಡಿಗೆ ಹೆಂಗಮ್ಮಾ ಬಿಡ್ಲಿ? ಸೆಪ್ಟೆಂಬರ್ ಕೊನೆಗೆ ಹತ್ತಾದ್ರೂ ಮುಟ್ಟಬೇಕು. ಮುಟ್ಟದಿದ್ರೆ ಹೆಸರು ತೆಗಿಬೇಕಾಗುತ್ತೆ, ಆಮೇಲೆ ನನ್ನ ಕೈಲೂ ಏನೂ ಆಗಲ್ಲ’ ಅಂದರು. ಮಾತ್ರೆ ಕೊಟ್ಟರು. ದಿನಾ ಸೊಪ್ಪು ತಿನ್ನು, ಮೇಲೆ ನಿಂಬೆಹಣ್ಣು ಹಿಂಡಿಕೋ, ಊಟದ ಹಿಂದೆಮುಂದೆ ಟೀ ಮುಟ್ಟಬೇಡ ಅಂದರು. ನನ್ನ ಮುಂದೆ ಹತ್ತು ವಾರ ಇತ್ತು, ದುಡ್ಡು ಮೊದಲಿನಷ್ಟೇ ಇತ್ತು. ಸೀಟು ಹೋದರೆ ಕೆಲಸ ಹೋಯಿತು, ಕೆಲಸ ಹೋದರೆ ನೀಲಾ ನನ್ನ ಹತ್ತಿರ ಬರುವುದು ಹೋಯಿತು. ನಿಮ್ಮ ಮಗ ತೀರಿಕೊಂಡ ವರ್ಷ, ಊರಿನವರು ಬಾಯಿಗೆ ಬಂದದ್ದು ಆಡುವಾಗ, ‘ನನ್ನ ಸೊಸಿ ಓದ್ತಾಳ, ನಿಮ್ಮ ಗಂಟೇನ ಹೋತು?’ ಎಂದು ಕಟ್ಟೆಯ ಮುಂದೆ ನಿಂತು ಕೇಳಿದವರು ನೀವು. ಆ ಮಾತಿಗೆ ನಾನು ಏನು ಮುಖ ತೋರಿಸಲಿ? ಹಾಗಾಗಿ ಅವತ್ತೇ ಪಣ ತೊಟ್ಟೆ. ಹತ್ತು ಮುಟ್ಟದೆ ಈ ಊರು ಬಿಡುವುದಿಲ್ಲ ಎಂದು.

ಇನ್ನು ನಮ್ಮ ಮನೆ ಓನರ್ ಲಕ್ಷ್ಮಿದೇವಮ್ಮನ ಜೊತೆ ಆದ ಜಗಳ ಹೇಳಬೇಕು. ಅವರು ಇಲ್ಲಿಯ ಹಳೇ ಹಳ್ಳಿಯ ಒಕ್ಕಲಿನವರು. ಅವರ ಹೊಲದಲ್ಲಿ ಅರ್ಧ ಸೈಟುಗಳಾಗಿ, ಆ ದುಡ್ಡಿನಲ್ಲಿ ಈ ಮನೆ ಕಟ್ಟಿದ್ದಾರೆ. ಹೆಬ್ಬಾಳ ಕೆರೆಯ ಕಡೆ ಇನ್ನೂ ಸ್ವಲ್ಪ ಹೊಲ ಉಳಿದಿದೆ, ಅದರಲ್ಲಿ ರಾಗಿ. ಹಿಂದಿನ ಕೋಣೆ ನನ್ನದು. ನಾನು ಬಿದ್ದ ದಿನ ಜೊತೆಯ ಹುಡುಗಿ ಕೈ ಹಿಡಿದು ಕರೆತಂದದ್ದನ್ನು ನೋಡಿದ್ದರು. ಮರುದಿನ ಸಂಜೆ ಒಂದು ಬುಟ್ಟಿ ಸೊಪ್ಪು ತಂದು ನನ್ನ ಬಾಗಿಲಲ್ಲಿ ಇಟ್ಟರು. ಬಗ್ಗಿ ನೋಡಿದೆ. ಗೋಳಿ ಸೊಪ್ಪು, ಅದು ಇದು, ಎಲ್ಲ ಕಳೆ! ನಾವು ಹೊಲದಲ್ಲಿ ಕಿತ್ತು ಬದುವಿಗೆ ಎಸೆಯುತ್ತೇವಲ್ಲ, ನೀವು ಸಂಜೆ ಎಮ್ಮೆಯ ಮುಂದೆ ಸುರಿಯುತ್ತೀರಲ್ಲ, ಅದೇ. ನನಗೆ ಉರಿದುಹೋಯಿತು. ಗಂಡನಿಲ್ಲದವಳು, ಬಡವಿ, ಕೊಟ್ಟದ್ದು ತಿನ್ನುತ್ತಾಳೆ ಎಂದುಕೊಂಡಿದ್ದಾರೆ ಅನಿಸಿತು. ‘ದನಕ್ಕ ಹಾಕೂದನ್ನ ನನಗ್ಯಾಕ ತಂದ್ರಿ? ಅಷ್ಟೇನ ಗತಿಗೆಟ್ಟಿಲ್ಲ ನಾನು’ ಎಂದುಬಿಟ್ಟೆ.

ಆ ಹೆಂಗಸು ಸೊಂಟದ ಮೇಲೆ ಕೈಯಿಟ್ಟು, ಓಣಿಗೆಲ್ಲ ಕೇಳುವಂತೆ, ‘ಅಯ್ಯೋ ನಿನ್ ಮನೆ ಆಳಾಗ! ಬೆರಕೆ ಸೊಪ್ಪು ಕಣವ್ವಾ ಇದು. ನಮ್ಮಪ್ಪ, ನಮ್ಮ ತಾತ ಇದನ್ನೇ ತಿಂದು ಒಲ ಉತ್ತವ್ರೆ. ದನ ತಿಂತದೆ ಅಂತೀಯಲ್ಲ, ನಮ್ಮ ದನ ನಿನಗಿಂತ ಗಟ್ಟಿಯಾಗೈತೆ, ಓಗಿ ನೋಡ್ಕೊಂಡ್ ಬಾ! ತಿಂದ್ರೆ ತಿನ್ನು, ಬುಟ್ರೆ ಬುಡು’ ಎಂದು ಬುಟ್ಟಿ ಅಲ್ಲೇ ಬಿಟ್ಟು ಹೋದರು. ನಾನೂ ಬಾಗಿಲು ಹಾಕಿಕೊಂಡೆ. ಸ್ವಲ್ಪ ಹೊತ್ತಿಗೆ ಹೊಟ್ಟೆ ಚುರುಗುಟ್ಟಿತು. ಮರಿಯಮ್ಮ ಸಿಸ್ಟರ್ ಹೇಳಿದ್ದೂ ನೆನಪಾಯಿತು. ಮೆಲ್ಲಗೆ ಬಾಗಿಲು ತೆಗೆದು ಬುಟ್ಟಿ ಒಳಗೆ ಎಳೆದುಕೊಂಡೆ.

ಸೊಪ್ಪು ತೊಳೆದು ಬತ್ತಿ ಸ್ಟೋವಿನ ಮೇಲೆ ಕುದಿಸಿದೆ. ಕಳೆ ಅಲ್ಲವೇ, ಒಗರು ಹೋಗಲಿ ಎಂದು ಬೆಂದ ನೀರನ್ನು ಚೆನ್ನಾಗಿ ಬಸಿದು ಹಿತ್ತಲ ಮೋರಿಗೆ ಸುರಿದೆ. ಲಕ್ಷ್ಮಿದೇವಮ್ಮ ಅಲ್ಲೇ ಪಾತ್ರೆ ತಿಕ್ಕುತ್ತಿದ್ದರು. ಮೋರಿಯಲ್ಲಿ ಹಸಿರು ನೀರು ಹರಿದದ್ದು ನೋಡಿ ಪಾತ್ರೆ ಬಿಟ್ಟು ಎದ್ದರು. ‘ಅಯ್ಯಯ್ಯೋ, ಸಾರೆಲ್ಲಾ ಮೋರಿಗೆ ಉಯ್ದ್ಬುಟ್ಯಲ್ಲೇ! ಏನ್ ಓದ್ತೀಯೇ ನೀನು ಆಸ್ಪತ್ರೇಲಿ?’ ಎಂದು ಬಯ್ಯುತ್ತಲೇ ಒಳಗೆ ಬಂದು ನನ್ನ ಸ್ಟೋವಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು.

ಅತ್ತೀ, ನಮ್ಮ ಕಡೆ ತಪ್ಪಲ ಪಲ್ಯ ಅಂದರೆ ಬೇಳೆಯ ಜೊತೆ ಬೇಯಿಸಿ ಗಟ್ಟಿ ಮಾಡುತ್ತೇವೆ, ಬಸಿಯುವ ಮಾತೇ ಇಲ್ಲ. ಇಲ್ಲಿಯವರು ಬಸಿಯುತ್ತಾರೆ, ಆದರೆ ಆ ನೀರಿಗಾಗಿಯೇ ಬಸಿಯುತ್ತಾರೆ. ಅದಕ್ಕೆ ಬಸ್ಸಾರು ಎನ್ನುತ್ತಾರೆ. ಸೊಪ್ಪು, ಒಂದು ಹಿಡಿ ಬೇಳೆಯೋ ಅಲಸಂದೆ ಕಾಳೋ ಸೇರಿಸಿ ಬೇಯಿಸುವುದು. ಬಸಿದ ನೀರು ಒಂದು ಕಡೆ ಇಡುವುದು. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಚೂರು ಕೊಬ್ಬರಿ, ಹುಣಸೆ, ಅದೇ ಬೆಂದ ಸೊಪ್ಪಿನ ಒಂದು ತುತ್ತು, ಎಲ್ಲ ಅರೆದು ಆ ನೀರಿಗೆ ಹಾಕಿ ಕುದಿಸಿದರೆ ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಸೊಪ್ಪು ಬೇಯಿಸುವ ಸೀಮೆಎಣ್ಣೆ ಒಂದು ಸಲದ್ದು, ಊಟಕ್ಕೆ ಎರಡು ಅಡುಗೆ. ನನ್ನಂಥವಳಿಗೆ ಇದಕ್ಕಿಂತ ಇನ್ನೇನು ಬೇಕು?

ಅಲ್ಲಿಂದ ಪ್ರತಿ ರವಿವಾರ ಬೆಳಿಗ್ಗೆ ಅವರ ಜೊತೆ ಕೆರೆ ಕಡೆಯ ಹೊಲಕ್ಕೆ ಹೋಗತೊಡಗಿದೆ. ಅವರು ತೋರಿಸುತ್ತಾ ಹೋಗುತ್ತಾರೆ. ಇದು ಅಣ್ಣೆ, ಇದು ಕಿರಕಸಾಲೆ, ಇದು ಗಣಿಕೆ, ಇದು ಹೊನಗೊನ್ನೆ, ಇದು ಮುಟ್ಟಬೇಡ ಬಾಯಿ ತುರಿಸುತ್ತದೆ. ದುಡ್ಡು ಕೊಡಲು ಹೋದರೆ ಕೈ ಒದರಿದರು. ಹಾಗಾದರೆ ಕಳೆ ತೆಗೆದುಕೊಡುತ್ತೇನೆ ಅಂದೆ. ‘ನೀನು ಕೀಳೋದೇ ನಿನ್ನ ಊಟ, ಅದ್ರಲ್ಲಿ ನನಗೇನು ಉಪಕಾರ?’ ಎಂದು ನಕ್ಕರು. ಆದರೂ ಸಾಲು ಹಿಡಿದು ಕುಕ್ಕರಗಾಲಲ್ಲಿ ಕೂತರೆ ಅವರು ಒಂದು ಸಾಲು ಮುಗಿಸುವುದರೊಳಗೆ ನಾನು ಎರಡು ಮುಗಿಸುತ್ತೇನೆ. ನೀವು ಕಲಿಸಿದ ಕೈ ಅಲ್ಲವೇ.

ಅಲ್ಲಿಯ ಸೊಪ್ಪು ಮೂರು ದಿನಕ್ಕೆ ಬರುತ್ತಿತ್ತು. ಉಳಿದ ದಿನಕ್ಕೆ ಯಶವಂತಪುರದ ರವಿವಾರದ ಸಂತೆ. ಬೆಳಿಗ್ಗೆ ಹೋದರೆ ಬೆಲೆ ಕೇಳಿಯೇ ತಿರುಗಿ ಬರಬೇಕು. ಸಂತೆ ಮುಗಿಯುವ ಹೊತ್ತಿಗೆ ಹೋದರೆ ಮೂಲಂಗಿ, ಗೆಡ್ಡೆಕೋಸು ಮಾರುವವರು ಕತ್ತರಿಸಿ ಬಿಸಾಕಿದ ಎಲೆ ರಾಶಿ ಬಿದ್ದಿರುತ್ತದೆ. ರಹಮತುಲ್ಲಾ ಎಂಬ ಮೂಲಂಗಿ ವ್ಯಾಪಾರಿ ನಾನು ಎಲೆ ಕೇಳಿದ್ದು ನೋಡಿ, ‘ಎಷ್ಟು ದನ ಇದಾವಮ್ಮಾ ಮನೇಲಿ?’ ಅಂದ. ‘ಒಂದೇ ಅದ. ಭಾಳ ಹಟಮಾರಿ ದನ’ ಅಂದೆ. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ತಲೆ ತಗ್ಗಿಸಿ, ನಾಲ್ಕು ಮೆತ್ತಗಾದ ಟೊಮೇಟೊ ಎಲೆಯ ಮೇಲೆ ಹಾಕಿ ಕೊಟ್ಟ. ಅದರ ಮರುವಾರದಿಂದ ಎಳೆ ಎಲೆ ಬೇರೆಯಾಗಿ ಎತ್ತಿಡುತ್ತಾನೆ, ನಾನು ಒಂದು ಕಟ್ಟು ಮೂಲಂಗಿಯನ್ನಾದರೂ ಕೊಂಡೇ ಬರುತ್ತೇನೆ.

ಇದೆಲ್ಲ ಓದಿದರೆ ಸುಲಭ ಅನಿಸಬಹುದು. ಅಲ್ಲ. ಮೂರನೇ ವಾರಕ್ಕೆ ಸೊಪ್ಪು ಕಂಡರೆ ಹೊಟ್ಟೆ ತೊಳಸುತ್ತಿತ್ತು. ಮಾತ್ರೆಗೆ ಹೊಟ್ಟೆ ಕಟ್ಟಿತು. ಬೆಳಿಗ್ಗೆ ಐದಕ್ಕೆ ಎದ್ದು ಸೊಪ್ಪು ಬಿಡಿಸುತ್ತಾ ಪಾಠ ಓದುವುದು, ಬಸ್ಸಿನಲ್ಲಿ ನಿಂತೇ ತೂಕಡಿಸುವುದು. ಒಂದು ದಿನ ಬೇಸತ್ತು ನಿಮ್ಮ ಕಟಕ ರೊಟ್ಟಿಯನ್ನು ಮುರಿದು ಬಸ್ಸಾರಿನಲ್ಲಿ ನೆನೆಹಾಕಿ ತಿಂದೆ. ಆಹಾ! ಬಾಯಿಗೆ ರುಚಿ ತಿರುಗಿ ಬಂತು. ಲಕ್ಷ್ಮಿದೇವಮ್ಮ ಮಾತ್ರ ‘ಮುದ್ದೆ ಇಲ್ದೆ ಬಸ್ಸಾರಾ?’ ಎಂದು ಮೂಗಿನ ಮೇಲೆ ಬೆರಳಿಟ್ಟರು. ಒಂದು ತುತ್ತು ಬಲವಂತ ಮಾಡಿ ಕೊಟ್ಟೆ. ಈಗ ಗಂಟು ಬಂದ ದಿನವೇ ‘ನಿಮ್ಮತ್ತೆ ರೊಟ್ಟಿ ಬಂತೇನವ್ವಾ?’ ಎಂದು ಕೇಳಿಕೊಂಡು ಬರುತ್ತಾರೆ.

ಆಗಸ್ಟ್ ನಡುವೆ ಮತ್ತೆ ರಕ್ತ ನೋಡಿದರು. ಎಂಟು ಇತ್ತು. ಅಷ್ಟೆಲ್ಲ ಒದ್ದಾಡಿ ಒಂದೇ ಒಂದು ಹೆಚ್ಚಾಗಿತ್ತು. ಆವತ್ತು ಬಸ್ಸಿನಲ್ಲಿ ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ಅದೇ ವಾರ ಮುರಿಗೆಪ್ಪ ಗಂಟು ತಂದವನು ನನ್ನ ಮುಖ ನೋಡಿದ್ದು, ಊರಿಗೆ ಬಂದಾಗ ನಿಮಗೆ ಹೇಳಿದ್ದು. ಮರಿಯಮ್ಮ ಸಿಸ್ಟರ್ ನನ್ನನ್ನು ಒಂದೇ ಪ್ರಶ್ನೆ ಕೇಳಿದರು, ‘ಟೀ ಬಿಟ್ಟಿದ್ದೀಯಾ?’ ಎಂದು. ಬಿಟ್ಟಿದ್ದೇನೆ ಎಂದು ಅವರ ಮುಖಕ್ಕೇ ಸುಳ್ಳು ಹೇಳಿದೆ. ಬಿಟ್ಟಿರಲಿಲ್ಲ. ಉಂಡ ಕೂಡಲೇ ಒಂದು ಲೋಟ ಕುಡಿಯದಿದ್ದರೆ ತಲೆ ಓಡುವುದಿಲ್ಲ ಎಂದು ಕುಡಿಯುತ್ತಲೇ ಇದ್ದೆ. ಸೊಪ್ಪು ಕೊಟ್ಟದ್ದನ್ನು ಚಹಾ ಅರ್ಧ ಕಸಿದುಕೊಳ್ಳುತ್ತದೆ ಎಂಬುದೂ ನಮ್ಮ ಪಾಠದಲ್ಲೇ ಇದೆ. ಆ ಸಂಜೆ ಕೋಣೆಗೆ ಬಂದು ಚಹಾಪುಡಿ ಡಬ್ಬಿಯನ್ನು ಲಕ್ಷ್ಮಿದೇವಮ್ಮನಿಗೆ ಕೊಟ್ಟು, ಕಾಲಿಗೆ ಬಿದ್ದರೂ ತಿರುಗಿ ಕೊಡಬೇಡಿ ಅಂದೆ. ಮೂರನೇ ದಿನವೇ ಕೇಳಿದೆ. ಕೊಡಲಿಲ್ಲ ಮಹಾರಾಯ್ತಿ. ತಲೆನೋವು ಒಂದು ವಾರ ಇತ್ತು, ಆಮೇಲೆ ಹೋಯಿತು.

ನಿನ್ನೆ ಕೊನೆಯ ಸಲ ರಕ್ತ ಕೊಟ್ಟೆ. ಬೆಂಚಿನ ಮೇಲೆ ಕೂತು ಕಾಯುವಾಗ ನಿಮ್ಮ ಪತ್ರ ಕುಪ್ಪಸದಲ್ಲೇ ಇತ್ತು. ಹತ್ತು ಬರದಿದ್ದರೆ ಚನ್ನಪ್ಪನ ಹಿಂದೆ ಬಾಯಿ ಮುಚ್ಚಿಕೊಂಡು ಬರುವುದು, ನಿಮ್ಮ ಮುಂದೆ ಕಟ್ಟೆಯಲ್ಲಿ ಯಾರು ಏನಂದರೂ ತಲೆ ಎತ್ತುವುದಿಲ್ಲ ಎಂದೆಲ್ಲ ಯೋಚನೆ ಮಾಡಿಕೊಂಡಿದ್ದೆ. ಮರಿಯಮ್ಮ ಸಿಸ್ಟರ್ ಚೀಟಿ ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ನೋಡಿದರು. ‘ಹತ್ತೂಕಾಲು. ಸೋಮವಾರ ಏಳು ಗಂಟೆಗೆ ವಾರ್ಡಿಗೆ ಬಾ. ಟ್ರೇ ಬೀಳಿಸ್ಬೇಡ’ ಅಂದರು. ಅತ್ತೀ, ನಾನು ಗೆದ್ದೆ! ಓಡಿ ಬಂದು ಹೇಳಿದರೆ ಲಕ್ಷ್ಮಿದೇವಮ್ಮ, ‘ಅನ್ನೆರಡಿರ್ಬೇಕು ಅಂದಿದ್ಯಲ್ಲ, ಇನ್ನೂ ತಿನ್ನು’ ಎಂದು ಒಳಗೆ ಹೋದರು. ಆದರೆ ಸಂಜೆ ಬಿಸಿ ಮುದ್ದೆ ತಂದು ಎದುರಿಗೆ ಕೂತು ಉಣ್ಣಿಸಿದರು.

ಚನ್ನಪ್ಪ, ನೀನು ನನಗೆ ತಮ್ಮನಿದ್ದ ಹಾಗೆ. ಅತ್ತಿಗೆಯನ್ನು ಕಾಪಾಡಬೇಕೆಂದೇ ಹೊರಟಿದ್ದೀ ಎಂದು ಗೊತ್ತು. ಆದರೆ ನನ್ನ ಗಂಟು ಕಟ್ಟಲು ಯಾರೂ ಬರುವುದು ಬೇಡ. ಇನ್ನು ಎರಡೂಕಾಲು ವರ್ಷ ನಾನು ಇಲ್ಲಿಂದ ಅಲ್ಲಾಡುವುದಿಲ್ಲ.

ಅತ್ತೀ, ರೊಟ್ಟಿ ನಿಲ್ಲಿಸಬೇಡಿ. ಈ ಸಲದ ಗಂಟಿನಲ್ಲಿ ಪುಂಡಿ ಬೀಜ, ರಾಜಗಿರಿ ಬೀಜ ಒಂದೊಂದು ಚಿಟಿಕೆ ಕಟ್ಟಿ ಕಳಿಸಿ. ಬಚ್ಚಲ ನೀರು ಹರಿಯುವ ಕಡೆ ಮೂರು ಮೊಳ ಜಾಗ ಕೊಟ್ಟಿದ್ದಾರೆ, ಅದರಲ್ಲಿ ಹಾಕುತ್ತೇನೆ. ಪುಂಡಿ ಪಲ್ಯ ತಿನ್ನಿಸಿ ಈ ಲಕ್ಷ್ಮಿದೇವಮ್ಮನನ್ನು ಒಂದು ಕೈ ನೋಡಿಕೊಳ್ಳಬೇಕಿದೆ. ನೀಲಾಳಿಗೆ ಮುದ್ದು. ಎಲ್ಲರಿಗೂ ನಾನು ಕೇಳಿದೆನೆಂದು ಹೇಳಿ.

ಈಗ ನಿಜವಾಗಿಯೂ ಕ್ಷೇಮವಾಗಿರುವ,
ನಿಮ್ಮ ಸೊಸೆ
ಕಾಶವ್ವ

ತಾ.ಕ.: ನೀಲಾ, ಇದನ್ನೂ ಗಟ್ಟಿಯಾಗಿಯೇ ಓದು, ಹೆದರಬೇಡ. ಅತ್ತೀ, ಅವಳನ್ನು ಬಯ್ಯಬೇಡಿ. ನೀವು ಹೇಳಿ ಬರೆಸಿದ ಪತ್ರದಲ್ಲಿ, ಅಂಟು ಹಚ್ಚುವ ಮಡಿಕೆಯ ಒಳಗೆ, ಅವಳು ತಾನಾಗಿ ಪೆನ್ಸಿಲಿನಲ್ಲಿ ಎರಡು ಸಾಲು ಬರೆದಿದ್ದಳು. ‘ಅವ್ವಾ, ಅಜ್ಜಿ ಪಲ್ಯ ಎಲ್ಲಾ ನನಗ ಹಾಕಿ ತಾನು ಬರೇ ರೊಟ್ಟಿ ಖಾರ ತಿಂತಾಳ. ಹೊತ್ತು ಮುಣಗಿದ ಮ್ಯಾಲ ಗ್ವಾಡಿ ಹಿಡಕೊಂಡು ಅಡ್ಡಾಡ್ತಾಳ, ನಿನಗ ಹೇಳಬ್ಯಾಡ ಅಂದಾಳ.’ ನಿನ್ನೆ ಬೆಂಚಿನ ಮೇಲೆ ಕೂತು ಪತ್ರ ಮತ್ತೆ ಬಿಡಿಸಿದಾಗಲೇ ಆ ಸಾಲುಗಳು ನನ್ನ ಕಣ್ಣಿಗೆ ಬಿದ್ದದ್ದು, ಕೂಡಲೇ ಮರಿಯಮ್ಮ ಸಿಸ್ಟರ್‌ಗೆ ತೋರಿಸಿದೆ. ಇರುಳುಗಣ್ಣು ಇರಬಹುದು, ಪೊರೆ ಇರಬಹುದು, ನೋಡದೆ ಹೇಳಲಾಗುವುದಿಲ್ಲ, ಆದರೆ ಒಂದು ದಿನವೂ ತಡ ಮಾಡಬೇಡಿ ಅಂದರು. ನನ್ನನ್ನು ಬಂದುಬಿಡು ಎಂದು ಬರೆಸುವಾಗ ನೀವು ಗೋಡೆ ಹಿಡಿದು ಬಂದು ಕೂತಿದ್ದಿರಾ ಅತ್ತೀ? ಇವತ್ತಿನಿಂದ ನೀಲಾಳ ತಾಟಿನಲ್ಲಿರುವಷ್ಟೇ ಪಲ್ಯ ನಿಮ್ಮ ತಾಟಿನಲ್ಲೂ ಇರಬೇಕು. ಮತ್ತು ಚನ್ನಪ್ಪ ಅಮಾವಾಸ್ಯೆಯ ತನಕ ಕಾಯದೆ ನಾಳೆಯೇ ಹೊರಡಲಿ, ನಿಮ್ಮನ್ನೂ ನೀಲಾಳನ್ನೂ ಕರೆದುಕೊಂಡು. ನಿಮ್ಮ ಕಣ್ಣನ್ನು ನಮ್ಮ ಆಸ್ಪತ್ರೆಯಲ್ಲೇ ತೋರಿಸೋಣ. ಲಕ್ಷ್ಮಿದೇವಮ್ಮ ಚಾಪೆ ಕೊಡುತ್ತೇನೆ ಅಂದಿದ್ದಾರೆ. ಅವನೊಬ್ಬನೇ ಬಂದನೋ, ಹತ್ತು ವಾರ ಬಡಿದಾಡಿ ಉಳಿಸಿಕೊಂಡ ಸೀಟನ್ನು ಅದೇ ದಿನ ಬಿಟ್ಟು ನಾನು ಅವನ ಜೊತೆ ಹೊರಟು ಬರುತ್ತೇನೆ. ಅಂದಂತೆ ಮಾಡುವವಳು ನಾನು, ಅದು ನಿಮಗೆ ಗೊತ್ತು.